ಹನ್ನೊಂದು ನಿಮಿಷ

ಬೆಳಗಿನ ಜಾವ ನಾಲ್ಕು. ಬ್ಲಫ್ ಬಂದರಿಗೆ ಇನ್ನೂ ನಿದ್ದೆ.
ನ್ಯೂಜಿಲೆಂಡಿನ ತೀರಾ ತೆಂಕಣ ತುದಿ ಇದು.
ಇಲ್ಲಿಂದಾಚೆ ಒಂದು ದ್ವೀಪ, ಆಮೇಲೆ ಬರೀ ನೀರು, ಹಿಮ.
ಒಳಗೆ ಮೇವಿಸ್ ಗೊರಕೆ ಹೊಡೆಯುತ್ತಿದ್ದಾಳೆ.
ನಾನು ಅಡುಗೆಮನೆಯ ಮೇಜಿನ ಮೇಲೆ
ಫೋನಿಗೆ ಉಪ್ಪಿನ ಡಬ್ಬಿಯ ಆಸರೆ ಕೊಟ್ಟು
ಜನವರಿಯ ಬೇಸಗೆಯಲ್ಲಿ
ಉಣ್ಣೆಯ ಸ್ಕಾರ್ಫು ಸುತ್ತಿಕೊಂಡು ಕೂತಿದ್ದೇನೆ.

ಸ್ಕಾರ್ಫಿನ ಕತೆ ಇಷ್ಟೇ:
ನನಗಾಗ ಒಂಬತ್ತು. ಚರ್ಚಿನ ಹಳೇಬಟ್ಟೆಯ ಪೆಟ್ಟಿಗೆ.
ಅಣ್ಣನಿಗೆ ಕೋಟು, ತಂಗಿಗೆ ಬೂಟು,
ನನ್ನ ಪಾಲಿಗೆ ಕೆಂಪು-ಸಾಸಿವೆ ಪಟ್ಟೆಯ ಈ ಉದ್ದನೆ ಬಾಲ.
ತುದಿಯಲ್ಲಿ ಹೊಲಿದ ಹೆಸರು: ಪೋರ್ಟ್‌ಡಾರ್ನಿ ರೋವರ್ಸ್.
ಭೂಪಟದಲ್ಲಿ ಹುಡುಕಿದೆ. ಸ್ಕಾಟ್ಲೆಂಡಿನ ಅಂಚಿನಲ್ಲಿ
ನೊಣ ಕೂತಷ್ಟು ಚುಕ್ಕೆ.
ಬೇರೆ ನಂಟಿಲ್ಲ. ನಮ್ಮಜ್ಜ ಅಲ್ಲಿಯವನಲ್ಲ, ಅಜ್ಜಿಯೂ ಅಲ್ಲ.
ನಲವತ್ತೇಳು ವರ್ಷದಿಂದ
ಅವರು ಸೋತ ದಿನ ನನಗೆ ಊಟ ಸೇರುವುದಿಲ್ಲ.
ಅಂದರೆ, ಬಹಳ ಸಲ ಉಪವಾಸ.

ಇವತ್ತು ಕಪ್ ಪಂದ್ಯ. ಎದುರಿಗೆ ಮಹಾನಗರದ ತಂಡ.
ಅವರು ಬಂದ ಬಸ್ಸೊಂದನ್ನು ಮಾರಿದರೆ
ನಮ್ಮ ಮೈದಾನ, ಗೋಲುಕಂಬ, ಪೈ ಮಾರುವ ಗೂಡಂಗಡಿ
ಎಲ್ಲ ಕೊಂಡು ಚಿಲ್ಲರೆ ವಾಪಸು ಪಡೆಯಬಹುದು.
ನಮ್ಮ ಗೋಲ್‌ಕೀಪರ್ ಕೊಳಾಯಿ ರಿಪೇರಿಯವನು.
ಬಲಗಡೆ ಓಡುವವನು ವಾರವಿಡೀ ಮೀನಿನ ವ್ಯಾನು ಓಡಿಸುತ್ತಾನೆ.
ನಾಯಕ ಶಾಲೆಯ ಮೇಷ್ಟ್ರು, ಮಂಡಿಗೆ ಪಟ್ಟಿ.

ಕಂಬಕ್ಕೆ ಕಟ್ಟಿದ ಒಂದೇ ಕ್ಯಾಮೆರಾ.
ಗಾಳಿ ಬೀಸಿದರೆ ಮೈದಾನವೇ ತಲೆಯಾಡಿಸುತ್ತದೆ.
ಕಾಮೆಂಟರಿಗೆ ಲಾಕಿ ಮುದುಕ, ನಿವೃತ್ತ ಅಂಚೆಯವ:
"ಚೆಂಡೀಗ ಹದಿನಾಲ್ಕನೇ ನಂಬರ್ ಮನೆ,
ಹಸಿರು ಬಾಗಿಲಿನ ಹುಡುಗನ ಕಾಲಲ್ಲಿ..."
ಎದುರಾಳಿಗಳ ಹೆಸರು ಅವನ ನಾಲಿಗೆಗೆ ಹತ್ತುವುದಿಲ್ಲ,
ವಿಳಾಸ ಗೊತ್ತಿಲ್ಲವಲ್ಲ.

ಇಪ್ಪತ್ತಮೂರನೇ ನಿಮಿಷ. ಕಾರ್ನರ್ ಕಿಕ್.
ಆಗಲೇ ಬಂದು ಕೂರಬೇಕೇ ಒಂದು ಕಡಲಹಕ್ಕಿ
ಕ್ಯಾಮೆರಾದ ನೆತ್ತಿಯ ಮೇಲೆ!
ಅರ್ಧ ಮೈದಾನ ಅದರ ಬಾಲ.
ಮೀನಿನ ವ್ಯಾನಿನವನು ಒದ್ದದ್ದು ಕಂಡಿತು,
ಚೆಂಡು ಬಾಗುತ್ತ ಬಾಗುತ್ತ ಪುಕ್ಕದೊಳಗೆ ಹೊಕ್ಕಿತು,
ಆಮೇಲೆ ಸದ್ದು,
ಎಂಟುನೂರು ಗಂಟಲು ಒಟ್ಟಿಗೆ ಹರಿದ ಸದ್ದು,
ಲಾಕಿಗೆ ಮಾತೇ ಇಲ್ಲ, ಬರೀ "ಅಯ್ಯೋ, ಅಯ್ಯೋ ನಮ್ಮಪ್ಪಾ!"
ನನ್ನ ಚಹಾ ಸ್ಕಾರ್ಫಿನ ಮೇಲೆ.
ನಾಯಿ ಎದ್ದು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿತು,
ಯಾವ ಕಡೆಯಿಂದ ಕಳ್ಳ ಬಂದನೆಂದು.
ಒಂದು – ಸೊನ್ನೆ.
ನಾನು ನೋಡದ ಊರಿನ
ನಾನು ನೋಡದ ಗೋಲು.

ಹನ್ನೊಂದು ನಿಮಿಷ.
ಅಷ್ಟು ಹೊತ್ತೂ ಕಾಲು ಬದಲಿಸಲಿಲ್ಲ,
ಚೆಲ್ಲಿದ್ದನ್ನು ಒರೆಸಲಿಲ್ಲ,
ಉಪ್ಪಿನ ಡಬ್ಬಿಯ ಮೇಲಿದ್ದ ಕೈ ತೆಗೆಯಲಿಲ್ಲ,
ಇಲ್ಲಿ ಅಲ್ಲಾಡಿದರೆ
ಹದಿನೆಂಟು ಸಾವಿರ ಕಿಲೋಮೀಟರು ಆಚೆ ಏನು ಕದಲುತ್ತದೋ.
ಕೊಳಾಯಿಯವನು ಎಡಕ್ಕೆ ಹಾರಿ ಒಂದು ಸೋರಿಕೆ ನಿಲ್ಲಿಸಿದ,
ಬಲಕ್ಕೆ ಹಾರಿ ಇನ್ನೊಂದು.
ಕೋಟಿ ಬೆಲೆಯ ಕಾಲುಗಳು ನಮ್ಮ ಕೆಸರಲ್ಲಿ ದಾರಿ ಕೇಳುತ್ತಿದ್ದವು.
ಆ ಹನ್ನೊಂದು ನಿಮಿಷ ಜಗತ್ತಿನಲ್ಲಿ
ಯಾರೂ ಯಾರಿಗೂ ಸಾಲ ತೀರಿಸಬೇಕಿರಲಿಲ್ಲ.

ಆಮೇಲೆ ಆಗಬೇಕಾದ್ದು ಆಯಿತು.
ಒಂದು, ಎರಡು. ಮೇಷ್ಟ್ರ ಮಂಡಿ ಕೈಕೊಟ್ಟ ಮೇಲೆ ಮೂರು, ನಾಲ್ಕು.
ಐದನೆಯದು ಬಿದ್ದಾಗ ಲಾಕಿ
ಹೆಂಡತಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ಚನ್ನು ವರ್ಣಿಸುತ್ತಿದ್ದ.
ಅಲ್ಲಿ ಕತ್ತಲಾಗಿ ದೀಪ ಹಾಕಿದರು.
ನಾನಿಲ್ಲಿ ದೀಪ ಆರಿಸಿದೆ.
ಸೀಟಿ ಊದಿದರೂ ಎಂಟುನೂರು ಜನರಲ್ಲಿ
ಒಬ್ಬರೂ ಮನೆಗೆ ಹೊರಟಂತೆ ಕಾಣಲಿಲ್ಲ.
ಹಕ್ಕಿಯೂ.

ಆರು ಗಂಟೆಗೆ ಅಂಗಳದಲ್ಲಿ ಸ್ಕಾರ್ಫು ಹಿಂಡಿ ಹರವುತ್ತಿದ್ದೆ.
ಬಲೆ ಹೊತ್ತು ದೋಣಿಗೆ ಹೊರಟ ಹೊಹೆಪಾ
ಬೇಲಿಯಾಚೆ ನಿಂತು, "ಏನಾಯ್ತು ನಿಮ್ಮವರದು?" ಎಂದ.
ಸೋತೆವು ಎನ್ನಲು ಬಾಯಿ ತೆರೆದೆ.
ಬಂದದ್ದು ಬೇರೆ:
"ಒಂದು ಹಕ್ಕಿ ಕೂತಿತ್ತು ಮಾರಾಯ,
ಸರಿಯಾಗಿ ಗೋಲಿನ ಮೇಲೆ."

ಅವನು ಬಲೆ ಕೆಳಗಿಟ್ಟ.
"ತಡಿ, ಮೊದಲಿಂದ ಹೇಳು."